ಏನು ಬೇಡಲಿ ಎಂದು ಕೇಳುವ ಕೆಲಸ

ಹೋದ ವರ್ಷ ನಮ್ಮ ಕ್ರೈಸ್ತ ಸಭೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಮೂವರು ಹುಡುಗಿಯರು ನನ್ನನ್ನು ನೋಡಲು ರಾಯಚೂರಿನ ಮನೆಗೆ ಬಂದಿದ್ದರು. ಮನೆಮನೆಗೆ ಹೋಗಿ, ಹೆಂಗಸರ ಜೊತೆ ಕುಳಿತು ಬೈಬಲ್ ಓದಿ, ಅವರಿಗಾಗಿ ಪ್ರಾರ್ಥನೆ ಮಾಡಿ ಬರುವುದು ಅವರ ಕೆಲಸ. ನಾನು ಆಯುಷ್ಯವೆಲ್ಲ ಮಾಡಿದ್ದೂ ಅದೇ. ಅವರಲ್ಲೊಬ್ಬಳು, "ಅಕ್ಕೋರೆ, ಮಂದಿ ಆಶೀರ್ವಾದ ಬೇಡ್ರಿ ಅಂತಾರ. ಹ್ಯಾಂಗ ಬೇಡಬೇಕು?" ಎಂದು ಕೇಳಿದಳು. ನಾನು ಏನೋ ಒಂದು ಉತ್ತರ ಹೇಳಿ, ಚಹಾ ಕೊಟ್ಟು ಕಳಿಸಿದೆ. ಅವರು ಹೋದ ಮೇಲೆ ಆ ಉತ್ತರ ನನಗೇ ಸರಿ ಅನ್ನಿಸಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನಗೆ ಯಾವಾಗ ಬಡ್ತಿ ಸಿಕ್ಕಿತು, ನಿವೃತ್ತಿಯ ದಿನ ಯಾರು ಏನು ಮಾತಾಡಿದರು ಎಂಬುದೆಲ್ಲ ಇಲ್ಲಿಲ್ಲ. ಅವುಗಳಿಂದ ಯಾರೂ ಕಲಿಯುವಂಥದ್ದೇನೂ ಇಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ಕೆಲಸಕ್ಕೆ ಸೇರಿದೆ. ಆಗ ನನಗೆ ಇಪ್ಪತ್ತಮೂರು ವರ್ಷ. ಮದುವೆಯಾಗಿರಲಿಲ್ಲ, ಆಮೇಲೂ ಆಗಲಿಲ್ಲ, ಅದಕ್ಕೆ ಹೇಳಿಕೊಳ್ಳುವಂಥ ಕಾರಣವೂ ಇಲ್ಲ. ಕಲಿತದ್ದೆಲ್ಲ ಮೊದಲ ಹದಿನೈದು ವರ್ಷಗಳಲ್ಲಿ. ಹೆಚ್ಚಿನದನ್ನು ತಪ್ಪು ಮಾಡಿ ಕಲಿತೆ. ಹೆಂಗಸರ ಹೆಸರುಗಳನ್ನು ಬದಲಿಸಿದ್ದೇನೆ. ಕುರ್ಡಿಯ ಮಾರ್ಥಮ್ಮನ ಹೆಸರನ್ನು ಮಾತ್ರ, ಆಕೆಯನ್ನು ಕೇಳಿ, ಹಾಗೇ ಇಟ್ಟಿದ್ದೇನೆ. "ಬರೀರಿ. ಆದ್ರ ನನ್ನ ಗಂಡನ ಹೆಸರು ಬ್ಯಾಡ" ಎಂದಳು. ಆಯಿತು ಎಂದೆ.

ನನಗೆ ಕೆಲಸ ಕಲಿಸಿದವರು ಸಾರಮ್ಮ ಎಂಬ ಹಿರಿಯರು. ಆಗಲೇ ಐವತ್ತೈದು ದಾಟಿತ್ತು. ಬಿಸಿಲಿರಲಿ ಮೋಡವಿರಲಿ ಕೈಯಲ್ಲಿ ಕರಿ ಕೊಡೆ. ಮಾತು ಕಡಿಮೆ, ನಡಿಗೆ ಜೋರು. ಒಂದು ತಿಂಗಳು ನಾನು ಅವರ ಹಿಂದೆ ರಾಯಚೂರಿನ ಓಣಿಗಳನ್ನು ಸುತ್ತಿದೆ, ಬಾಯಿ ತೆರೆಯಲಿಲ್ಲ. ಒಂದು ದಿನ ಸ್ಟೇಷನ್ ಹಿಂದಿನ ಒಂದು ಮನೆಯಲ್ಲಿ, "ಇವತ್ತು ನೀನು ಪ್ರಾರ್ಥನಿ ಮಾಡು" ಎಂದರು.

ಆ ಮನೆಯಾಕೆಯ ಗಂಡ ರೈಲ್ವೆ ಹಳಿಯ ಮೇಲೆ ಕೆಲಸ ಮಾಡುವವನು. ಆಕೆಯ ಹಿಮ್ಮಡಿಯಲ್ಲಿ ಒಂದು ಹುಣ್ಣು, ಮೂರು ತಿಂಗಳಾದರೂ ಮಾಯದೆ ಕೀವು ಸೋರುತ್ತಿತ್ತು. ಆಕೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕಾಲು ಚಾಚಿ ಅದನ್ನು ತೋರಿಸಿದಳು. ನಾನು ಕಣ್ಣು ಮುಚ್ಚಿ ಶುರುಮಾಡಿದೆ. ಒಂದು ವರ್ಷ ತರಬೇತಿಯಲ್ಲಿ ಕಲಿತ ದೊಡ್ಡ ದೊಡ್ಡ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲೇ ಇದ್ದವು. ಒಂದರ ಹಿಂದೆ ಒಂದು ಬಂದವು. ನಡುವೆ ರೊಟ್ಟಿ ಸೀದ ವಾಸನೆ ಬಂತು, ನಾನು ನಿಲ್ಲಿಸಲಿಲ್ಲ. ಮುಗಿಸಿ ಕಣ್ಣು ತೆರೆದಾಗ ಆಕೆ ಹೆಂಚಿನ ಮೇಲಿನ ಕರಕಲನ್ನು ಕೆರೆಯುತ್ತಿದ್ದಳು.

ಹೊರಗೆ ಬಂದು ಕೊಡೆ ಬಿಚ್ಚುತ್ತ ಸಾರಮ್ಮ ಕೇಳಿದರು. "ಆಕಿ ಏನ್ ಬೇಡಂದ್ಲು?"

"ಕಾಲಿನ ಹುಣ್ಣು ಮಾಯಬೇಕು ಅಂದ್ರಿ."

"ನೀನು ಸರ್ಕಾರಕ್ಕ ಬೇಡಿದಿ, ಮಳಿಗೆ ಬೇಡಿದಿ, ಲೋಕದಾಗಿನ ಸಭಿಗೆಲ್ಲಾ ಬೇಡಿದಿ. ಹುಣ್ಣು ಎಲ್ಲಿ ಬಂತು?"

ನಾನು ನೆನಪು ಮಾಡಿಕೊಂಡೆ. ಹುಣ್ಣಿನ ಮಾತೇ ಬಂದಿರಲಿಲ್ಲ.

"ಹೊಳ್ಳಿ ನಡಿ" ಎಂದರು. ತಿರುಗಿ ಹೋದೆವು. ಆಕೆಯ ಮುಂದೆ ನನ್ನನ್ನು ಕೂರಿಸಿ, "ಏನ್ ಬೇಡಲಿ ಅಂತ ಮೊದಲ ಕೇಳು. ಕೇಳಿದ್ದಷ್ಟ ಬೇಡು. ಆಮ್ಯಾಲ ಏಳು" ಎಂದರು. ನಾನು ಕೇಳಿದೆ, ಆಕೆ ಮತ್ತೆ ಹೇಳಿದಳು. ಈ ಸಲ ಪ್ರಾರ್ಥನೆ ಎರಡೇ ಮಾತು: ಈಕೆಯ ಕಾಲಿನ ಹುಣ್ಣು ಮಾಯಲಿ, ಈಕೆ ನೋವಿಲ್ಲದೆ ನಡೆಯಲಿ. ಆಕೆ ನಕ್ಕು, "ಇದು ನನಗ ತಿಳೀತ್ರೀ. ಆಗಿಂದು ಯಾರಿಗಿ ಮಾಡಿದಿರೋ ಏನೋ" ಎಂದಳು. ಅದಾದ ಮೇಲೆ ಸಾರಮ್ಮ ಆಕೆಯನ್ನು ಆಸ್ಪತ್ರೆಗೂ ಕರೆದುಕೊಂಡು ಹೋದರು. ಹುಣ್ಣು ಮಾಯಿತು. ಯಾವುದರಿಂದ ಮಾಯಿತೆಂದು ಸಾರಮ್ಮ ಎಂದೂ ವಿಚಾರ ಮಾಡುತ್ತ ಕೂರಲಿಲ್ಲ.

ಜನ ಬೇಡಲು ಹೇಳುತ್ತಿದ್ದುದೆಲ್ಲ ಇಂಥವೇ. ಮಗ ಎಸ್ಸೆಸ್ಸೆಲ್ಸಿ ಪಾಸಾಗಲಿ, ಎಮ್ಮೆ ಹಾಲು ಬಿಡಲಿ, ಕೂಲಿಗೆಂದು ಹೈದರಾಬಾದಿಗೆ ಹೋದ ಗಂಡ ಒಂದು ಕಾಗದ ಬರೆಯಲಿ. ನನಗೆ ಮೊದಮೊದಲು ಇವು ತೀರಾ ಸಣ್ಣವು ಅನ್ನಿಸುತ್ತಿದ್ದವು. ದೇವರ ಮುಂದೆ ತನಗೆಂದು ಕೇಳುವುದು ಸ್ವಾರ್ಥವಲ್ಲವೇ ಎಂದು ಸಾರಮ್ಮನನ್ನು ಒಮ್ಮೆ ಕೇಳಿಯೂ ಕೇಳಿದೆ. ಅವರು, "ನಿನ್ನ ಹೊಟ್ಟಿ ತುಂಬೇದ, ಅದಕ್ಕ ಆಕಿ ಬೇಡಿಕಿ ಸಣ್ಣದು ಕಾಣ್ತದ" ಎಂದು ನಡೆಯುತ್ತಲೇ ಹೇಳಿದರು.

ಮೂರು ವರ್ಷದ ಮೇಲೆ ನನ್ನನ್ನು ದೇವದುರ್ಗಕ್ಕೆ ಕಳಿಸಿದರು. ಅಲ್ಲಿ ನಾನೊಬ್ಬಳೇ. ಹಂಚು ಹೊದಿಸಿದ ಒಂದು ಸಣ್ಣ ಪ್ರಾರ್ಥನಾ ಮನೆ, ಭಾನುವಾರ ಸೇರುವವರು ಮೂವತ್ತು ಮಂದಿ. ಪಾದ್ರಿಯವರು ತಿಂಗಳಿಗೊಮ್ಮೆ ಬರುವರು, ಉಳಿದ ಭಾನುವಾರಗಳಲ್ಲಿ ನಾನೇ ಪ್ರಾರ್ಥನೆ ನಡೆಸಬೇಕು. ಮೊದಲ ದೊಡ್ಡ ತಪ್ಪು ಅಲ್ಲಿ ನಡೆಯಿತು.

ಶಾಂತಮ್ಮ ಎಂಬಾಕೆಗೆ ಮದುವೆಯಾಗಿ ಏಳು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಒಂದು ಮಧ್ಯಾಹ್ನ ಅತ್ತೆ ಹೊಲಕ್ಕೆ ಹೋದ ಹೊತ್ತು ನೋಡಿ ನನ್ನನ್ನು ಒಳಗೆ ಕರೆದಳು. "ಮನ್ಯಾಗ ಇನ್ನೂ ಯಾರೂ ಬಾಯಿ ಬಿಟ್ಟು ಅಂದಿಲ್ಲ ಅಕ್ಕೋರೆ. ನಾನೂ ಅಂದಿಲ್ಲ. ನೀವು ಬೇಡ್ರಿ" ಎಂದಳು. ಕೂತಲ್ಲೇ ಬೇಡಿದೆ. ಅಷ್ಟಕ್ಕೆ ಬಿಡಬೇಕಿತ್ತು. ಆದರೆ ಎಲ್ಲರೂ ಸೇರಿ ಬೇಡಿದರೆ ಇನ್ನೂ ಒಳ್ಳೆಯದೆಂದು ನಾನೇ ತೀರ್ಮಾನಿಸಿ, ಆ ಭಾನುವಾರ ಮೂವತ್ತು ಜನರೆದುರು ಗಟ್ಟಿಯಾಗಿ, ಶಾಂತಮ್ಮನ ಹೆಸರು ಹಿಡಿದು, ಆಕೆಯ ಬರಿದಾದ ಮಡಿಲನ್ನು ತುಂಬು ಎಂದು ಬೇಡಿದೆ. ಕಣ್ಣು ತೆರೆದಾಗ ಶಾಂತಮ್ಮ ಕುಳಿತಿದ್ದ ಜಾಗ ಖಾಲಿಯಾಗಿತ್ತು. ಪಕ್ಕದಲ್ಲಿ ಅತ್ತೆ ಮಾತ್ರ ಇದ್ದಳು, ನನ್ನನ್ನೇ ನೋಡುತ್ತಿದ್ದಳು.

ಮರುದಿನ ಶಾಂತಮ್ಮನನ್ನು ಬಾವಿಯ ಹತ್ತಿರ ಹಿಡಿದೆ. ಆಕೆ ಕೊಡ ತುಂಬಿಸುವುದನ್ನು ನಿಲ್ಲಿಸಲಿಲ್ಲ.

"ನಾ ದೇವರಿಗೆ ಹೇಳ್ರಿ ಅಂದಿದ್ದೆ ಅಕ್ಕೋರೆ. ಊರಿಗೆ ಹೇಳ್ರಿ ಅಂದಿದ್ದಿಲ್ಲ."

ಅಲ್ಲಿಯವರೆಗೆ ಆ ಮನೆಯಲ್ಲಿ ಯಾರೂ ಆಡದೆ ಇಟ್ಟಿದ್ದ ಮಾತನ್ನು ನಾನು ಆಡಿಬಿಟ್ಟಿದ್ದೆ. ಅದಾದ ಮೇಲೆ ಅತ್ತೆಗೂ ಬಾಯಿ ಬಂತು. ಎರಡು ತಿಂಗಳಲ್ಲಿ ಮಗನಿಗೆ ಇನ್ನೊಂದು ಹೆಣ್ಣು ನೋಡುವ ಮಾತು ಹುಟ್ಟಿತು. ಗಂಡ ಒಪ್ಪಲಿಲ್ಲ, ಆ ಮಾತು ಅಲ್ಲಿಗೇ ನಿಂತಿತು. ಮಕ್ಕಳೂ ಆಗಲಿಲ್ಲ. ಶಾಂತಮ್ಮ ಎಂದಿನಂತೆ ಪ್ರಾರ್ಥನೆಗೆ ಬರುತ್ತಿದ್ದಳು, ಸಿಕ್ಕಾಗ ಮಾತಾಡಿಸುತ್ತಿದ್ದಳು. ಆದರೆ ನಾನು ದೇವದುರ್ಗ ಬಿಡುವವರೆಗೂ ಆಕೆಯ ಬಾಯಿಂದ ಒಂದು ಬೇಡಿಕೆಯೂ ಬರಲಿಲ್ಲ. "ಏನು ಬೇಡಲಿ?" ಎಂದರೆ "ಎಲ್ಲಾ ಆರಾಮ ಅದರೀ" ಎನ್ನುವಳು.

ಎಂಬತ್ತರ ಹೊತ್ತಿಗೆ ಮಾನ್ವಿಗೆ ಬಂದೆ. ಆಗ ಸಾರಮ್ಮ ಕೆಲಸ ಬಿಟ್ಟಿದ್ದರು. ಅವರ ಜಾಗಕ್ಕೆ ದಯಾವತಿ ಅಮ್ಮ ಎಂಬ ಮೇಲ್ವಿಚಾರಕಿ ರಾಯಚೂರಿಗೆ ಬಂದಿದ್ದರು. ಮೈಸೂರು ಕಡೆಯವರು, ಓದಿದವರು, ಮಾತಿನಲ್ಲಿ ಕೆಲಸದಲ್ಲಿ ಚುರುಕು. ಕೆಲಸದ ರೀತಿಯನ್ನೇ ಬದಲಿಸಿದರು. ಮೊದಲೆಲ್ಲ ತಿಂಗಳ ಕೊನೆಗೆ ಹೋಗಿ ಬಾಯಿಮಾತಿನಲ್ಲಿ ಹೇಳಿ ಬರುತ್ತಿದ್ದೆವು. ಈಗ ಅಚ್ಚು ಹಾಕಿಸಿದ ನಮೂನೆ ಬಂತು. ಎಷ್ಟು ಮನೆ, ಎಷ್ಟು ಹೆಂಗಸರು, ಎಷ್ಟು ಬೇಡಿಕೆ. ಕೊನೆಯ ಕಾಲಮ್ಮಿನಲ್ಲಿ, ಉತ್ತರ ಸಿಕ್ಕ ಪ್ರಾರ್ಥನೆಗಳು.

ಆ ಕಾಲಮ್ಮು ನನಗೆ ತಲೆನೋವಾಯಿತು. ಮಾನ್ವಿಯ ಬಜಾರಿನಲ್ಲಿ ಬಳೆ ಅಂಗಡಿಯವರೊಬ್ಬರ ಮನೆಯಿತ್ತು. ಮನೆಯಾಕೆಯ ಹೆಸರು ಖೈರುನ್ನಿಸಾ. ಅವರ ಮಗಳು ನಮ್ಮ ಹೊಲಿಗೆ ತರಗತಿಗೆ ಬರುತ್ತಿದ್ದಳು, ಅದರಿಂದ ಪರಿಚಯ. ನಾನು ಆ ಬೀದಿಯಲ್ಲಿ ಹೋದರೆ ಪರದೆ ಸರಿಸಿ ಒಳಗೆ ಕರೆಯುವರು. ಒಂದು ದಿನ, "ಬಾಯಿ, ನೀವು ಮನಿಮನಿಗಿ ದುವಾ ಮಾಡ್ತೀರಂತಲ್ಲ, ನನಗ ಒಂದು ಮಾಡ್ರಿ" ಎಂದರು.

"ಏನು ಬೇಡಲಿ? ಮಗಳ ಮದುವಿಗೇನ್ರಿ?"

"ಮಗಳಿಗಿ ನಾ ಕೇಳೀನಿ. ಮಿಯಾಂಗೂ ಕೇಳೀನಿ, ದುಕಾನಿಗೂ ಕೇಳೀನಿ. ದಿನಾ ಐದು ಸಲ ಅವರದ ಕೇಳ್ತೀನಿ. ನನಗಂತ ಕೇಳಾಕ ಬಾಯಿ ಬರಂಗಿಲ್ಲ. ನೀವು ಕೇಳ್ರಿ."

"ನಿಮಗ ಏನು ಬೇಕ್ರಿ?"

ಅವರು ಬಹಳ ಹೊತ್ತು ಯೋಚಿಸಿದರು. ತಮಗೇನು ಬೇಕು ಎಂದು ಯಾರೂ ಅವರನ್ನು ಕೇಳಿರಲಿಲ್ಲವೆಂದು ಕಾಣುತ್ತದೆ. ಕೊನೆಗೆ, "ನಿದ್ದಿ" ಎಂದರು. "ನಾಕು ತಾಸು ನಿದ್ದಿ ಬಂದ್ರ ಸಾಕು."

ಅಷ್ಟನ್ನೇ ಬೇಡಿದೆ. ಅವರು ಎರಡೂ ಅಂಗೈ ಮೇಲಕ್ಕೆತ್ತಿ ಹಿಡಿದು ಕುಳಿತಿದ್ದರು, ಮುಗಿದ ಮೇಲೆ ಮುಖ ಸವರಿಕೊಂಡರು. ಮುಂದಿನ ವಾರ ವಿಚಾರಿಸಿದೆ. "ಒಂದು ದಿನ ಬಂತು. ಎರಡು ದಿನ ಬರಲಿಲ್ಲ. ಮತ್ತ ಒಂದು ದಿನ ಬಂತು" ಎಂದರು. ತಿಂಗಳ ಕೊನೆಗೆ ದಯಾವತಿ ಅಮ್ಮನ ಮುಂದೆ ನಮೂನೆ ಇಟ್ಟುಕೊಂಡು ಕುಳಿತೆ. ಆ ಕಾಲಮ್ಮು ಖಾಲಿಯಿತ್ತು.

"ಉತ್ತರ ಸಿಕ್ಕಿತೋ ಇಲ್ಲವೋ?" ಎಂದರು ಅವರು.

"ಸ್ವಲ್ಪ ಸಿಕ್ಕೇದ್ರಿ."

"ಸ್ವಲ್ಪ ಅಂತ ಬರೆಯೋದಕ್ಕೆ ಆಗಲ್ಲ. ಒಂದು ಅಂತ ಬರೀರಿ."

ಬರೆದೆ. ಅವರನ್ನು ದೂರುತ್ತಿಲ್ಲ. ಅವರಿಗೂ ಮೇಲಿನವರು ಕೇಳುತ್ತಿದ್ದರು. ಆದರೆ ವರ್ಷಗಟ್ಟಲೆ ಆ ಕಾಲಮ್ಮು ತುಂಬಿಸಿದ್ದರಿಂದ ನನ್ನ ಮನಸ್ಸಿನಲ್ಲಿ ಒಂದು ಕೆಟ್ಟ ಅಭ್ಯಾಸ ಬೆಳೆಯಿತು. ಬೇಡಿದ್ದು ಆಗುವ ಹಾಗೆ ಕಂಡರೆ ಅಂಥ ಮನೆಗೆ ಹೆಚ್ಚು ಹೋಗುವುದು, ಆಗದ ಹಾಗೆ ಕಂಡರೆ ಬೇಗ ಎದ್ದು ಬರುವುದು. ನಾನು ಇದನ್ನು ಗಮನಿಸಿರಲಿಲ್ಲ. ಗಮನಿಸಿದವಳು ಮಾರ್ಥಮ್ಮ.

ಮಾನ್ವಿಯಿಂದ ವಾರಕ್ಕೊಂದು ದಿನ ಕುರ್ಡಿಗೆ ಹೋಗುತ್ತಿದ್ದೆ, ಇನ್ನೊಂದು ದಿನ ಮಲ್ಲಟಕ್ಕೆ. ಕುರ್ಡಿಯಲ್ಲಿ ನಮ್ಮವು ಹತ್ತು ಹನ್ನೆರಡು ಮನೆ, ಎಲ್ಲರೂ ಹೊಲದ ಕೂಲಿಯವರು. ಮಾರ್ಥಮ್ಮ ಮತ್ತು ಕರುಣಮ್ಮ ಅಲ್ಲಿ ಪಕ್ಕಪಕ್ಕದ ಮನೆಯವರು. ನಡುವೆ ಒಂದೇ ಗೋಡೆ. ಕಳೆ ತೆಗೆಯಲು ಹೋದರೂ ಇಬ್ಬರೂ ಕೂಡಿಯೇ, ಕಟ್ಟಿಗೆಗೆ ಹೋದರೂ ಕೂಡಿಯೇ. ಕರುಣಮ್ಮನ ಗಂಡ ಬಾವಿ ತೋಡುವಾಗ ಮಣ್ಣು ಕುಸಿದು ತೀರಿಹೋಗಿದ್ದ. ಎರಡು ಹೆಣ್ಣುಮಕ್ಕಳು. ಮೆತ್ತಗಿನ ಹೆಂಗಸು, ಪ್ರಾರ್ಥನೆ ಶುರುವಾದರೆ ಸಾಕು ಕಣ್ಣಲ್ಲಿ ನೀರು. ಮಾರ್ಥಮ್ಮನ ನಾಲಿಗೆ ಹರಿತ. ಒಂದು ಸಲ ಎಲ್ಲರ ಮುಂದೆ ನನ್ನನ್ನು ಕೇಳಿದ್ದಳು: "ಬೇಡಿದ್ದು ಸಿಗಲಿಲ್ಲಂದ್ರ ನಿಮ್ಮ ಹಾಳ್ಯಾಗ ಎಲ್ಲಿ ಬರೀತೀರಿ ಅಕ್ಕೋರೆ?" ಹೆಂಗಸರೆಲ್ಲ ನಕ್ಕರು. ನಾನೂ ನಕ್ಕ ಹಾಗೆ ಮಾಡಿದೆ.

ನಾನು ಮಾನ್ವಿಗೆ ಬಂದು ನಾಲ್ಕೈದು ವರ್ಷವಾದಾಗ ನಮ್ಮ ಸಭೆಯವರು ಕುರ್ಡಿಯಲ್ಲಿ ಬಾಲವಾಡಿ ತೆರೆಯುವುದೆಂದು ನಿಶ್ಚಯವಾಯಿತು. ಮಕ್ಕಳನ್ನು ಕರೆತಂದು, ಮುಖ ತೊಳೆಸಿ, ಉಪ್ಪಿಟ್ಟು ಮಾಡಿ ಬಡಿಸಲು ಊರಿನ ಒಬ್ಬ ಹೆಂಗಸನ್ನು ಆಯಾ ಎಂದು ತೆಗೆದುಕೊಳ್ಳಬೇಕು. ವರ್ಷವಿಡೀ ತಪ್ಪದೆ ಸಂಬಳ. ಬೇಸಿಗೆಯಲ್ಲಿ ಹೊಲದಲ್ಲಿ ಕೆಲಸವಿಲ್ಲದೆ ಕೂರುವವರಿಗೆ ಅದು ದೊಡ್ಡ ಮಾತು.

ಮೊದಲು ಕರುಣಮ್ಮ ನನ್ನನ್ನು ಕರೆದು, "ಆ ಕೆಲಸ ನನಗ ಸಿಗಲಿ ಅಂತ ಬೇಡ್ರಿ ಅಕ್ಕೋರೆ" ಎಂದಳು. ಬೇಡಿದೆ. ಅಲ್ಲಿಂದ ಗೋಡೆಯ ಆಚೆ ಬದಿಗೆ ಹೋದೆ. ಮಾರ್ಥಮ್ಮ ಬಾಗಿಲು ಮುಂದೆ ಮಾಡಿದಳು.

"ಮೂರು ಬೇಡಿಕಿ ಅವ ಅಕ್ಕೋರೆ. ನನ್ನ ಗಂಡಗ ಟೀಬಿ ಅಂದಾರ. ಆರು ತಿಂಗಳಾತು, ರಾಯಚೂರಿಗೆ ಹೋಗಿ ಸೂಜಿ ಮಾಡಿಸ್ಕೊಂಡು ಗುಳಿಗಿ ತರ್ತಾನ. ಈಗ ಕಫದಾಗ ಏನೂ ಕಾಣವಲ್ದು, ಯಾರಿಗೂ ಹತ್ತಂಗಿಲ್ಲ ಅಂದಾರ ಡಾಕ್ಟರು. ಗುಳಿಗಿ ನಡುವ ಬಿಡಬಾರದು, ಅದೊಂದು. ಇದು ಊರಾಗ ಯಾರಿಗೂ ತಿಳೀಬಾರದು, ಅದೊಂದು. ತಿಳೀತಂದ್ರ ನನ್ನ ಯಾರೂ ಕೂಲಿಗೆ ಕರ್ಯಂಗಿಲ್ಲ. ಬಾಲವಾಡಿ ಕೆಲಸ ನನಗ ಆಗಬೇಕು, ಅದೊಂದು."

ಮೂರನ್ನೂ ಬೇಡಿದೆ. ಕರುಣಮ್ಮನೂ ಅದನ್ನೇ ಬೇಡಿಸಿಕೊಂಡಿದ್ದಾಳೆಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಒಂದೇ ಕೆಲಸಕ್ಕೆ ಇಬ್ಬರು ಬೇಡಿದರೆ ಅದನ್ನು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಅಲ್ಲಿಯವರೆಗೆ ನಾನು ತಪ್ಪಿರಲಿಲ್ಲ.

ಹದಿನೈದು ದಿನದ ಮೇಲೆ ದಯಾವತಿ ಅಮ್ಮ ಜೀಪಿನಲ್ಲಿ ಮಾನ್ವಿಗೆ ಬಂದರು. ನನ್ನ ಕೋಣೆಯಲ್ಲಿ ಚಹಾ ಕುಡಿಯುತ್ತ, "ಕುರ್ಡಿಯಿಂದ ಎರಡು ಅರ್ಜಿ ಬಂದಿವೆ. ನಿಮಗೆ ಇಬ್ಬರೂ ಗೊತ್ತು. ಯಾರನ್ನು ತೆಗೆದುಕೊಳ್ಳೋಣ?" ಎಂದು ಕೇಳಿದರು.

ಇಬ್ಬರೂ ಕೆಲಸ ಮಾಡುವವರು, ನೀವೇ ಕರೆದು ಮಾತಾಡಿಸಿ ಎನ್ನಬಹುದಿತ್ತು. ನನ್ನ ಮನಸ್ಸು ಮೊದಲೇ ಕರುಣಮ್ಮನ ಕಡೆ ಇತ್ತು. ವಿಧವೆ ಎಂಬುದು ಒಂದು ಕಾರಣ. ಆಕೆ ನನ್ನ ಮಾತಿಗೆ ಅಳುತ್ತಿದ್ದಳು, ಇನ್ನೊಬ್ಬಳು ನಗುತ್ತಿದ್ದಳು ಎಂಬುದು ಇನ್ನೊಂದು. ಎರಡನೆಯದನ್ನು ನಾನು ಆಗ ಒಪ್ಪಿಕೊಳ್ಳುತ್ತಿರಲಿಲ್ಲ.

"ಮಾರ್ಥಮ್ಮನ ಗಂಡಗ ಟಿ.ಬಿ. ಅದರೀ. ಸಣ್ಣ ಮಕ್ಕಳಿರೋ ಜಾಗ. ನೀವ ವಿಚಾರ ಮಾಡ್ರಿ" ಎಂದೆ.

ಔಷಧ ತೆಗೆದುಕೊಳ್ಳುತ್ತಿದ್ದಾನೆ, ಬೇರೆಯವರಿಗೆ ಹತ್ತುವುದಿಲ್ಲವೆಂದು ಡಾಕ್ಟರರು ಹೇಳಿದ್ದಾರೆ ಎಂಬ ಉಳಿದ ಅರ್ಧವನ್ನು ಹೇಳಲಿಲ್ಲ. ದಯಾವತಿ ಅಮ್ಮ, "ಹೌದೇ? ಒಳ್ಳೆಯದಾಯಿತು ಹೇಳಿದ್ದು" ಎಂದರು. ಕಪ್ಪಿನಲ್ಲಿದ್ದ ಚಹಾ ಮುಗಿಯುವಷ್ಟರಲ್ಲಿ ಆ ವಿಷಯವೂ ಮುಗಿಯಿತು.

ಅದರ ಮರುವಾರ ಕುರ್ಡಿಗೆ ಹೋದಾಗ ಮಾರ್ಥಮ್ಮ ಎಂದಿನಂತೆ ಬಾಗಿಲು ಮುಂದೆ ಮಾಡಿ ಅದೇ ಮೂರು ಬೇಡಿಕೆ ಹೇಳಿದಳು. ನಾನು ಎಂದಿನಂತೆ ಕಣ್ಣು ಮುಚ್ಚಿ ಮೂರನ್ನೂ ಬೇಡಿದೆ. ಕೆಲಸದ ಅಷ್ಟೂ ವರ್ಷಗಳಲ್ಲಿ ನಾನು ಮಾಡಿದ ಸಾವಿರಾರು ಪ್ರಾರ್ಥನೆಗಳಲ್ಲಿ ನೆನೆದರೆ ಮೈ ಹಿಡಿಯಾಗುವುದು ಅದೊಂದೇ.

ಕೆಲಸ ಕರುಣಮ್ಮನಿಗಾಯಿತು. ಮಾರ್ಥಮ್ಮ ತನಗೆ ಯಾಕೆ ಆಗಲಿಲ್ಲ ಎಂದು ಕೇಳಲು ರಾಯಚೂರಿನವರೆಗೆ ಹೋದಳು. ದಯಾವತಿ ಅಮ್ಮ ಮುಚ್ಚುಮರೆ ಇಲ್ಲದವರು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆಕೆ ಅಲ್ಲಿಂದ ನೇರವಾಗಿ ಬಸ್ ಹತ್ತಿ ಮಾನ್ವಿಗೆ ನನ್ನ ಕೋಣೆಗೆ ಬಂದಳು. ಒಳಗೆ ಬಾ ಎಂದರೆ ಬರಲಿಲ್ಲ. ಹೊಸ್ತಿಲ ಹೊರಗೇ ನಿಂತಳು.

"ನಮ್ಮ ಮನಿ ಸುದ್ದಿ ನಾ ಇಬ್ಬರಿಗಷ್ಟ ಹೇಳಿದ್ದೆ ಅಕ್ಕೋರೆ. ನಿಮಗ, ದೇವರಿಗೆ. ದೇವರು ರಾಯಚೂರಿಗೆ ಹೋಗಿ ಹೇಳಿಲ್ಲ."

ನಾನು ಎದ್ದು ಬಾಗಿಲಿಗೆ ಬಂದೆ.

"ದೇವರು ಕೊಡಲಿಲ್ಲಂದ್ರ ನಾ ಸುಮ್ಮನಾಗ್ತಿದ್ದೆ. ಎಷ್ಟು ಸಲ ಸುಮ್ಮನಾಗಿಲ್ಲ? ಈಗ ಇಲ್ಲ ಅಂದವರು ಆತನೋ ನೀವೋ ನನಗ ತಿಳೀವಲ್ದು. ಅದನ್ನೊಂದು ಹೇಳ್ರಿ."

"ನಾನ" ಎಂದೆ.

ಆಕೆ ತಲೆಯಾಡಿಸಿ ಹೊರಟುಹೋದಳು. ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಹೇಳಿಕೊಳ್ಳುತ್ತಿದ್ದೆನೇನೋ.

ಮರುದಿನ ಮೊದಲ ಬಸ್ಸಿಗೆ ರಾಯಚೂರಿಗೆ ಹೋಗಿ ದಯಾವತಿ ಅಮ್ಮನಿಗೆ ಉಳಿದ ಅರ್ಧ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದನ್ನು ಅವತ್ತೇ ಯಾಕೆ ಹೇಳಲಿಲ್ಲ?"

"ಕರುಣಮ್ಮಗ ಆಗ್ಲಿ ಅಂತ ಇತ್ರಿ ನನ್ನ ಮನಸ್ಸಿನ್ಯಾಗ."

"ಹಾಗಾದರೆ ಹಾಗೇ ಹೇಳಬೇಕಿತ್ತು. ಕಾಯಿಲೆಯ ಮಾತು ಯಾಕೆ ತಂದಿರಿ?" ಕೊಟ್ಟ ಕೆಲಸವನ್ನು ಕರುಣಮ್ಮನಿಂದ ಕಿತ್ತುಕೊಳ್ಳಲಾಗದು, ಅದು ಇನ್ನೊಂದು ಅನ್ಯಾಯವಾಗುತ್ತದೆ ಎಂದರು. ಆ ಮಾತು ಸರಿಯಾಗಿತ್ತು. "ಕುರ್ಡಿಗೆ ಬೇರೆಯವರನ್ನು ಕಳಿಸಲೇ?" ಎಂದೂ ಕೇಳಿದರು. ಒಂದು ಸಲ ನಾನೇ ಹೋಗಿ ಬರುತ್ತೇನೆ, ಆಮೇಲೆ ನೋಡೋಣ ಎಂದೆ.

ಕುರ್ಡಿಯಲ್ಲಿ ಮೊದಲು ಕರುಣಮ್ಮನ ಮನೆಗೆ ಹೋಗಿ ಆಕೆಗೆ ಎಲ್ಲವನ್ನೂ ಹೇಳಿದೆ, ಕಾಯಿಲೆಯ ಹೆಸರೊಂದನ್ನು ಬಿಟ್ಟು. ಆಕೆ ಎದ್ದು ನನ್ನ ಕೈ ಹಿಡಿದು ಪಕ್ಕದ ಮನೆಗೆ ಎಳೆದುಕೊಂಡು ಹೋದಳು. ಮಾರ್ಥಮ್ಮ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಗಂಡ ಒಳಗೆ ಮಲಗಿದ್ದ. ಕರುಣಮ್ಮ ನಿಂತಲ್ಲೇ, "ಮಾರ್ಥಾ, ನನಗ ಈ ಕೆಲಸ ಬ್ಯಾಡ. ಹಿಂಗ ಬಂದಿದ್ದು ನನಗ ಬ್ಯಾಡ. ನಾ ಬಿಡ್ತೀನಿ" ಎಂದಳು.

ಮಾರ್ಥಮ್ಮ ಮೊರದಿಂದ ತಲೆ ಎತ್ತಲಿಲ್ಲ. "ಬಿಟ್ಟು ಹುಡುಗ್ಯಾರಿಗಿ ಏನ್ ಹಾಕ್ತಿ?"

"ನೀ ಏನ್ ಹಾಕ್ತಿ ನಿನ್ನ ಮಕ್ಕಳಿಗಿ?"

"ಅದು ನನ್ನ ಪಾಡು. ಸುಮ್ಮನ ಹೋಗಿ ಉಪ್ಪಿಟ್ಟು ಮಾಡು. ನೀ ಬಿಟ್ರ ಅದೇನು ನನಗ ಬರ್ತದಂತ ತಿಳ್ದೀಯೇನು? ಮೂರನೇದಾಕಿ ಬರ್ತಾಳ."

ಕರುಣಮ್ಮ ಅಳುತ್ತ ಕುಳಿತಳು. ನಾನು ಮಾರ್ಥಮ್ಮನ ಎದುರು ಕುಳಿತು, ಇಲ್ಲೂ ಕಾಯಿಲೆಯ ಹೆಸರು ಎತ್ತದೆ, ನಡೆದದ್ದನ್ನೆಲ್ಲ ಹೇಳಿದೆ. ರಾಯಚೂರಿಗೆ ಹೋಗಿ ಉಳಿದದ್ದನ್ನು ಹೇಳಿ ಬಂದದ್ದನ್ನೂ, ಅದರಿಂದ ಏನೂ ಆಗದ್ದನ್ನೂ ಹೇಳಿದೆ. ತಪ್ಪಾಯಿತು ಎಂದೆ. ಆಕೆ ಆಯಿತು ಎನ್ನಲಿಲ್ಲ. ಕೈಯಲ್ಲಿ ಮೊರ ಆಡುತ್ತಲೇ ಇತ್ತು. ಬೇರೇನೂ ತೋಚದೆ, ರೂಢಿಯ ಬಲದಿಂದ, "ಪ್ರಾರ್ಥನಿ ಮಾಡಲೇನು?" ಎಂದು ಕೇಳಿಬಿಟ್ಟೆ.

"ನೀವು ಬ್ಯಾಡ್ರಿ" ಎಂದಳು ಮಾರ್ಥಮ್ಮ. ಮೊರ ಕೆಳಗಿಟ್ಟಳು. "ಇವತ್ತು ನನ್ನದು ನಾನ ಬೇಡ್ಕೊತೀನಿ. ನೀವು ಕುಂತು ಕೇಳ್ರಿ."

ಅಲ್ಲಿಯವರೆಗೆ ನಮ್ಮ ಹೆಂಗಸರಲ್ಲಿ ಯಾರೂ ನನ್ನ ಮುಂದೆ ತಾವಾಗಿ ಗಟ್ಟಿಯಾಗಿ ಪ್ರಾರ್ಥನೆ ಮಾಡಿರಲಿಲ್ಲ. ಮಾಡಿ ಎಂದು ನಾನು ಹೇಳಿಯೂ ಇರಲಿಲ್ಲ. ಮಾತು ಬರುವವಳು ನಾನು, ಬೇಡಿಕೆ ಅವರದು, ಹೀಗೇ ನಡೆದು ಬಂದಿತ್ತು. ಮಾರ್ಥಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಆಕೆಯ ಮಾತುಗಳನ್ನು ನೆನಪಿದ್ದ ಹಾಗೆ ಬರೆಯುತ್ತೇನೆ.

"ಯಪ್ಪಾ, ನಾ ಮಾರ್ಥವ್ವ, ಕುರ್ಡಿಯಾಕಿ. ನನಗ ಆಶೀರ್ವಾದ ಮಾಡು. ಮಂದಿಗೆಲ್ಲ ಆಮ್ಯಾಲ ಮಾಡುವಂತಿ, ಮೊದಲು ನನಗ ಮಾಡು. ನನ್ನ ಗಂಡನ ಎದಿ ನೆಟ್ಟಗ ಮಾಡು. ನನ್ನ ಕೈಗಿ ಕೆಲಸ ಕೊಡು, ನಾ ಮೈಗಳ್ಳಿ ಅಲ್ಲ, ನಿನಗ ಗೊತ್ತದ. ಕರುಣವ್ವನ ಮ್ಯಾಲ ನನಗ ಹೊಟ್ಟಿಕಿಚ್ಚು ಬಂದದ. ಅದನ್ನ ತಗಿ. ಆಕಿ ಗ್ವಾಡಿ ಆಚಿಗೇ ಇರಾಕಿ, ದಿನಾ ಮಾರಿ ನೋಡಬೇಕು. ಅಕ್ಕೋರ ಮ್ಯಾಲ ಸಿಟ್ಟು ಬಂದದ. ಅದನ್ನ ಇವತ್ತ ತಗೀಬ್ಯಾಡ. ಇನ್ನೂ ನಾಕು ದಿನ ಇರಲಿ. ಆಮೆನ್."

ಕರುಣಮ್ಮ ಆಮೆನ್ ಎಂದಳು. ನಾನು ತಡಮಾಡಿದೆ. ಮಾರ್ಥಮ್ಮ ಕಣ್ಣು ತೆರೆದು ನನ್ನನ್ನು ನೋಡಿ, "ಅನ್ರಿ ಮತ್ತ" ಎಂದಳು. ಅಂದೆ.

ಕೆಲಸದ ರೀತಿಯನ್ನು ನಾನು ಬದಲಿಸಿದ್ದು ಆ ದಿನದಿಂದ. ಯಾವ ಸುತ್ತೋಲೆಯೂ ಅದನ್ನು ಹೇಳಿರಲಿಲ್ಲ. ಏನು ಬೇಡಲಿ ಎಂದು ಕೇಳುವುದನ್ನು ಬಿಡಲಿಲ್ಲ. ಆದರೆ ಹೇಳಿದ ಮೇಲೆ, "ಈಗ ನನಗೆ ಹೇಳಿದ್ದನ್ನೇ ಆತನಿಗೆ ಹೇಳಿ, ಆಮೇಲೆ ನಾನು ಹೇಳುತ್ತೇನೆ" ಎನ್ನತೊಡಗಿದೆ. ಬಹಳ ಮಂದಿಗೆ ಮೊದಲು ಆಗುತ್ತಿರಲಿಲ್ಲ. ನಾಚುತ್ತಿದ್ದರು, ನಮಗೆ ಮಾತು ಬರುವುದಿಲ್ಲ ಎನ್ನುತ್ತಿದ್ದರು, ಗಂಡನಿಗೆ ಮಕ್ಕಳಿಗೆ ದನಕ್ಕೆ ಎಲ್ಲಕ್ಕೂ ಬೇಡಿ ತಮ್ಮ ಹೆಸರು ಬಂದ ಕೂಡಲೇ ನಿಲ್ಲಿಸುತ್ತಿದ್ದರು. ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಮನೆಗಳ ಸಂಖ್ಯೆ ಇಳಿಯಿತು, ಅದಕ್ಕೆ ರಾಯಚೂರಿನಲ್ಲಿ ಮಾತು ಕೇಳಿದೆ. ಅದೇ ವರ್ಷಗಳಲ್ಲಿ ಮೈಕು ಹಚ್ಚಿ ಆಶೀರ್ವಾದದ ಕೂಟಗಳನ್ನು ನಡೆಸುವವರು ಬಂದರು. ಬೇಡಿಕೆಯನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ವೇದಿಕೆಯ ಮೇಲೆ ಓದುತ್ತಿದ್ದರು. ಒಂದು ಕೂಟದಲ್ಲಿ ಓದುವ ಕೆಲಸ ನನಗೆ ಹೇಳಿದರು. ಚೀಟಿಗಳನ್ನು ಬಿಡಿಸದೆ ಹಾಗೇ ಕೈಯಲ್ಲಿ ಹಿಡಿದುಕೊಂಡು ಪ್ರಾರ್ಥನೆ ಮಾಡಿ ಇಳಿದೆ. ಮತ್ತೆ ನನ್ನನ್ನು ಕರೆಯಲಿಲ್ಲ.

ಮಾರ್ಥಮ್ಮನ ಗಂಡ ಔಷಧ ಪೂರ್ತಿ ಮುಗಿಸಿ ಚೇತರಿಸಿಕೊಂಡ, ಕುರಿ ಮೇಯಿಸುವಷ್ಟಾದ. ಬಾಲವಾಡಿಯ ಕೆಲಸ ಆಕೆಗೆ ಎಂದೂ ಸಿಗಲಿಲ್ಲ, ಕೂಲಿಯಲ್ಲೇ ಮಕ್ಕಳನ್ನು ಬೆಳೆಸಿದಳು. ಕರುಣಮ್ಮ ಬಾಲವಾಡಿಯಲ್ಲಿ ಉಳಿದದ್ದನ್ನು ಪಕ್ಕದ ಮನೆಯ ಮಕ್ಕಳಿಗೂ ಹಾಕುತ್ತಿದ್ದಳು. ನನ್ನ ಮೇಲಿನ ಸಿಟ್ಟು ನಾಲ್ಕು ದಿನಕ್ಕೆ ಮುಗಿಯಲಿಲ್ಲ. ವಾರವಾರ ಕುರ್ಡಿಗೆ ಹೋಗುತ್ತಿದ್ದೆ. ಮಾರ್ಥಮ್ಮ "ಬರ್ರಿ" ಎನ್ನುತ್ತಿದ್ದಳು, ಕುಡಿಯಲು ನೀರು ಕೊಡುತ್ತಿದ್ದಳು, ಎಲ್ಲರ ಜೊತೆ ಕುಳಿತು ಓದುವುದನ್ನು ಕೇಳುತ್ತಿದ್ದಳು. ಬೇಡಿಕೆ ಹೇಳುತ್ತಿರಲಿಲ್ಲ. ನಾನೂ ಕೇಳುತ್ತಿರಲಿಲ್ಲ. ಒಂದು ವರ್ಷ ಹೀಗೇ ಹೋಯಿತು.

ಮರುವರ್ಷ ಹತ್ತಿ ಬಿಡಿಸುವ ದಿನಗಳಲ್ಲಿ ಒಂದು ಬೆಳಿಗ್ಗೆ ಕುರ್ಡಿಯಲ್ಲಿ ಬಸ್ಸಿಳಿದೆ. ಹೊಲಕ್ಕೆ ಹೊರಟ ಹೆಂಗಸರ ಗುಂಪು ಎದುರಾಯಿತು. ಮಾರ್ಥಮ್ಮ ಅದರಲ್ಲಿದ್ದಳು. ನನ್ನನ್ನು ದಾಟಿ ನಾಲ್ಕು ಹೆಜ್ಜೆ ಹೋದವಳು ನಿಂತು, "ನೀವು ನಡೀರಿ, ನಾ ಬರ್ತೀನಿ" ಎಂದು ಜೊತೆಯವರನ್ನು ಮುಂದೆ ಕಳಿಸಿದಳು. ಅವರು ದೂರ ಹೋಗುವವರೆಗೆ ಕಾದಳು.

"ಅಕ್ಕೋರೆ, ನನಗಂತ ಒಂದು ಬೇಡೋದಿತ್ತು" ಎಂದಳು.

ಹತ್ತಿರ ಬಂದು, ಬಾಯಿಗೆ ಸೆರಗು ಅಡ್ಡ ಹಿಡಿದು, ಮೆಲ್ಲಗೆ ಹೇಳಿದಳು. ರಸ್ತೆಯ ಬದಿಯಲ್ಲೇ ನಿಂತು ಬೇಡಿದೆವು, ಮೊದಲು ಆಕೆ, ಆಮೇಲೆ ನಾನು. ಆಮೆನ್ ಆದ ಮೇಲೆ ಆಕೆ ಸೆರಗು ಸಿಕ್ಕಿಸಿಕೊಂಡು, ಮುಂದೆ ಹೋದವರನ್ನು ಕೂಡಿಕೊಳ್ಳಲು ಬೇಗಬೇಗ ನಡೆದಳು.

ಏನು ಬೇಡಿದಳೆಂದು ಇಲ್ಲಿ ಬರೆಯುವುದಿಲ್ಲ.